ಅಗಳು, ಗೋಡೆ, ಅಂಗಳ: ನಮ್ಮ ಸೀಮೆಯ ಕೋಟೆಗಳು ಹೇಳುವ ಮಾತು

ನಮ್ಮ ಹಾಲು ಉತ್ಪಾದಕರ ಸಹಕಾರಿ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನವೂ ಇರಲಿ ಎಂದು ಸಂಪಾದಕ ಮಂಡಳಿಯವರು ಬಯಸಿದ್ದಾರೆ. ಇತಿಹಾಸ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಕೋಟೆ. ಅದೂ ಎಲ್ಲಿಯದ್ದು? ಶಾಲೆಯ ಪ್ರವಾಸದಲ್ಲಿ ನೋಡಿದ ಚಿತ್ರದುರ್ಗದ್ದು, ಶ್ರೀರಂಗಪಟ್ಟಣದ್ದು. "ನಮ್ಮಲ್ಲಿ ಎಂತ ಉಂಟು ಮಾರಾಯ್ರೆ? ಗುಡ್ಡೆ, ತೋಟ, ಮಳೆ, ಅಷ್ಟೇ" ಎಂದು ಹೇಳುವವರೇ ಜಾಸ್ತಿ.

ಆದರೆ ಪುತ್ತೂರು, ಸುಳ್ಯ, ಈಗ ಪ್ರತ್ಯೇಕ ತಾಲೂಕಾಗಿರುವ ಕಡಬ, ಈ ಮೂರೂ ಕಡೆಯ ರೈತನಿಗೆ ಕೋಟೆಯ ವಿದ್ಯೆ ಹೊಸತಲ್ಲ. ಅಡಕೆ ತೋಟದ ಸುತ್ತ ಅಗಳು ತೆಗೆದು, ತೆಗೆದ ಮಣ್ಣನ್ನು ಒಳಬದಿಗೆ ಏರಿಸಿ ಬರೆ ಕಟ್ಟಿ, ದನ ದಾಟದಂತೆ ಮನುಷ್ಯ ಮಾತ್ರ ದಾಟುವಂತೆ ಒಂದು ತಡಮೆ ಇಟ್ಟವರು ನಾವೇ ತಾನೆ? ಅರಸರು ಮಾಡಿದ್ದೂ ಇದನ್ನೇ. ಅವರದ್ದು ದೊಡ್ಡದು, ನಮ್ಮದು ಸಣ್ಣದು. ಆದ್ದರಿಂದ ಈ ಲೇಖನದಲ್ಲಿ ರಾಜರ ವಂಶಾವಳಿ ಹೇಳುವ ಬದಲು, ಕೋಟೆ ಎಂಬುದು ಹೇಗೆ ಕೆಲಸ ಮಾಡುತ್ತಿತ್ತು, ಎಲ್ಲಿ ಅದು ನಿಂತಿತು, ಎಲ್ಲಿ ಬಿತ್ತು, ಯಾಕೆ ಬಿತ್ತು ಎಂಬುದನ್ನು ನಮ್ಮ ಸುತ್ತಲಿನ ಉದಾಹರಣೆಗಳಿಂದಲೇ ಹೇಳಲು ಪ್ರಯತ್ನಿಸುತ್ತೇವೆ.

ಮೊದಲು ಅಗಳು, ಆಮೇಲೆ ಗೋಡೆ

ಜಗತ್ತಿನ ಅನೇಕ ಕಡೆ ಕೋಟೆ ಆರಂಭವಾದದ್ದು ಕಲ್ಲಿನಿಂದಲ್ಲ, ಮಣ್ಣಿನಿಂದ. ಮಣ್ಣು ಅಗೆದರೆ ಒಂದೇ ಕೆಲಸದಲ್ಲಿ ಎರಡು ಲಾಭ. ಅಗೆದಲ್ಲಿ ಹೊಂಡ, ಹಾಕಿದಲ್ಲಿ ದಿಣ್ಣೆ. ಒಂದು ಆಳು ಎತ್ತರ ಅಗೆದು ಅಷ್ಟೇ ಮಣ್ಣು ಏರಿಸಿದರೆ ಹೊರಗಿನಿಂದ ಬಂದವನಿಗೆ ಎರಡು ಆಳು ಎತ್ತರ ಹತ್ತಬೇಕಾಗುತ್ತದೆ.

ಇದಕ್ಕೆ ಅತ್ಯಂತ ದೊಡ್ಡ ಸಾಕ್ಷಿ ನಮ್ಮ ನೆರೆಯ ಕೊಡಗಿನಲ್ಲಿಯೇ ಉಂಟು. ಅಲ್ಲಿ 'ಕಡಂಗ' ಎಂದು ಕರೆಯುವ ಹಳೆಯ ಕಂದಕಗಳು ಗುಡ್ಡ, ಕಾಡು, ಬಯಲು ಎನ್ನದೆ ಮೈಲುಗಟ್ಟಲೆ ಹೋಗುತ್ತವೆ. ಕೆಲವು ಕಡೆ ಒಂದು ಕಡಂಗ ಕವಲೊಡೆದು ಎರಡಾಗುತ್ತದೆ, ಕೆಲವು ಕಡೆ ಗುಡ್ಡದ ತಲೆಯನ್ನು ಸುತ್ತು ಹಾಕುತ್ತದೆ. ಸಾವಿರ ವರ್ಷಕ್ಕೂ ಹಿಂದಿನ ಶಾಸನಗಳಲ್ಲಿ ಭೂಮಿಯ ಗಡಿ ಹೇಳುವಾಗ ಕಡಂಗದ ಹೆಸರು ಬರುತ್ತದೆ. ಎಂದರೆ ಆ ಕಾಲಕ್ಕಾಗಲೇ ಅವು ಇದ್ದವು. ಕಲ್ಲಿಲ್ಲ, ಗಾರೆ ಇಲ್ಲ, ಬರೀ ಹಾರೆ ಪಿಕ್ಕಾಸಿನ ಕೆಲಸ. ಒಂದೊಂದು ನಾಡಿನವರು ತಮ್ಮ ತಮ್ಮ ಎಲ್ಲೆಯನ್ನು ತಾವೇ ಅಗೆದು ಕಾಯುತ್ತಿದ್ದ ಕಾಲದ ಗುರುತು ಅದು.

ಯುರೋಪಿನಲ್ಲಿಯೂ ಹೀಗೆಯೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಮೊದಮೊದಲು ಕಟ್ಟಿದ್ದು ಮಣ್ಣಿನ ಗುಡ್ಡೆ, ಅದರ ತಲೆಯ ಮೇಲೆ ಮರದ ಗೋಪುರ, ಕೆಳಗೆ ಬೇಲಿ ಹಾಕಿದ ಒಂದು ಅಂಗಳ, ಸುತ್ತ ಅಗಳು. ಆ ಅಂಗಳವನ್ನು ಅವರು 'ಬೈಲಿ' ಎನ್ನುತ್ತಿದ್ದರು. ನಮ್ಮ ಬೈಲಿಗೂ ಅದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಹತ್ತಿರ. ಕಲ್ಲಿನ ದೊಡ್ಡ ದೊಡ್ಡ ಕೋಟೆಗಳು ಬಂದದ್ದು ಆಮೇಲೆ.

ಇದು ಹಳೆಯ ಕಥೆ ಮಾತ್ರ ಎಂದು ತಿಳಿಯಬೇಡಿ. ಮಂಡೆಕೋಲು, ಆಲೆಟ್ಟಿ, ಸುಬ್ರಹ್ಮಣ್ಯದ ಕಡೆಯವರಿಗೆ ಆನೆ ಕಂದಕ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಆನೆಯ ದಾಳಿಗೆ ಇಬ್ಬರು ಬಲಿಯಾದ ಮೇಲೆ ಬೆಳಗ್ಗೆ ಹಾಲಿನ ಕ್ಯಾನ್ ಹಿಡಿದು ಕಾಡಿನ ಬದಿಯ ದಾರಿಯಲ್ಲಿ ಹೊರಡುವವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ನಮಗೆಲ್ಲ ಗೊತ್ತು. ಕಂದಕ ತೆಗೆದರೆ ಸಾಲದು, ಮಳೆಗಾಲದಲ್ಲಿ ಬರೆ ಜರಿದು ತುಂಬುತ್ತದೆ, ಆನೆಯೂ ಕಾಲಿನಿಂದ ಮಣ್ಣು ಜಾರಿಸಿ ದಾರಿ ಮಾಡುತ್ತದೆ. ವರ್ಷ ವರ್ಷ ಮಣ್ಣು ಎತ್ತದಿದ್ದರೆ ಅಗಳು ಇದ್ದೂ ಇಲ್ಲದ ಹಾಗೆ. ಈ ಒಂದು ಮಾತನ್ನು ನೆನಪಿಡಿ. ಅರಸರ ಕೋಟೆಗೂ ಇದೇ ಮಾತು ಅನ್ವಯಿಸುತ್ತದೆ.

ಮುರಕಲ್ಲಿನ ಗೋಡೆ, ವಕ್ರ ಬಾಗಿಲು

ಕರಾವಳಿಯ ಕೋಟೆಗಳಿಗೆ ದೇವರು ಕೊಟ್ಟ ಸಾಮಗ್ರಿ ಮುರಕಲ್ಲು. ನೆಲದಿಂದ ತೆಗೆಯುವಾಗ ಕೊಡಲಿಗೆ ಬಗ್ಗುತ್ತದೆ, ಗಾಳಿ ಬಿಸಿಲಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. ಟಿಪ್ಪು ಸುಲ್ತಾನನ ಪತನದ ಮರುವರ್ಷ ಈ ಸೀಮೆಯಲ್ಲೆಲ್ಲ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ಡಾಕ್ಟರು ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟರು. ಇಂದು ಇಡೀ ಜಗತ್ತಿನ ಭೂಗರ್ಭಶಾಸ್ತ್ರಜ್ಞರು ಬಳಸುವ ಆ ಹೆಸರು ಹುಟ್ಟಿದ್ದು ನಾವು ಮನೆ ಕಟ್ಟುವ, ಬಾವಿ ಕಟ್ಟುವ, ಪಾಗಾರ ಹಾಕುವ ಇದೇ ಕಲ್ಲಿನಿಂದ!

ಈ ಕಲ್ಲಿನಲ್ಲಿ ಕಟ್ಟಿದ ಕೋಟೆಗಳಲ್ಲಿ ನಾವು ಬೆಳಗ್ಗೆ ಹೊರಟು ಸಂಜೆಗೆ ಮನೆಗೆ ಬರುವಷ್ಟು ಹತ್ತಿರದ ದೊಡ್ಡ ಕೋಟೆ ಕಾಸರಗೋಡಿನ ಬೇಕಲ. ಇಕ್ಕೇರಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು. ಸುಮಾರು 40 ಎಕರೆ ವಿಸ್ತಾರ. ಕುಂಬಳೆ, ಚಂದ್ರಗಿರಿ, ಹೊಸದುರ್ಗ ಎಂದು ಕರಾವಳಿಯುದ್ದಕ್ಕೂ ಇಕ್ಕೇರಿಯವರ ಕಾಲದ ಕೋಟೆಗಳು ಸಾಲಾಗಿ ಉಂಟು. ಬೇಕಲ ಅವುಗಳಿಗೆಲ್ಲ ಹಿರಿಯಣ್ಣ.

ಬೇಕಲದಲ್ಲಿ ಸಮುದ್ರ ನೋಡಿ ಫೋಟೋ ತೆಗೆದು ಬರುವವರೇ ಹೆಚ್ಚು. ಮುಂದಿನ ಸಲ ಹೋದಾಗ ಮೂರು ಸಂಗತಿ ನೋಡಿ. ಒಂದು, ಬಾಗಿಲು. ಅದು ಮಾರ್ಗಕ್ಕೆ ನೇರವಾಗಿ ತೆರೆಯುವುದಿಲ್ಲ. ಒಳಗೆ ಹೋಗುವವನು ಒಮ್ಮೆ ತಿರುಗಿ, ಮತ್ತೊಮ್ಮೆ ತಿರುಗಿ ಹೋಗಬೇಕು. ಆನೆಯನ್ನೋ ಮರದ ದಿಮ್ಮಿಯನ್ನೋ ಓಡಿಸಿಕೊಂಡು ಬಂದು ಬಾಗಿಲಿಗೆ ಗುದ್ದಲು ಬೇಕಾದ ಓಟದ ಜಾಗ ಅಲ್ಲಿ ಸಿಕ್ಕುವುದಿಲ್ಲ. ತಿರುಗುವ ಪ್ರತಿಯೊಂದು ಕಡೆ ವೈರಿಯ ಮೈಯ ಒಂದು ಬದಿ ಮೇಲಿದ್ದವರಿಗೆ ಕಾಣುತ್ತದೆ. ಎರಡು, ಕೊತ್ತಲ. ಗೋಡೆ ನೆಟ್ಟಗೆ ಮಾತ್ರ ಇದ್ದರೆ ಅದರ ಬುಡಕ್ಕೆ ಬಂದು ನಿಂತವನನ್ನು ಮೇಲಿನಿಂದ ನೋಡಲು ಆಗುವುದಿಲ್ಲ. ಹೊರಕ್ಕೆ ಉಬ್ಬಿದ ಕೊತ್ತಲದಲ್ಲಿ ನಿಂತರೆ ಗೋಡೆಯ ಬುಡ ಎರಡೂ ಕಡೆಗೆ ಕಾಣುತ್ತದೆ. ಮೂರು, ಗೋಡೆಯಲ್ಲಿರುವ ಕಿಂಡಿಗಳು. ಮೇಲಿನ ಕಿಂಡಿ ದೂರದಲ್ಲಿರುವವನಿಗೆ, ಅದರ ಕೆಳಗಿನದ್ದು ಹತ್ತಿರ ಬಂದವನಿಗೆ, ತೀರಾ ಕೆಳಗಿನದ್ದು ಬುಡಕ್ಕೆ ಬಂದವನಿಗೆ. ಒಂದೇ ಗೋಡೆಯಲ್ಲಿ ಮೂರು ದೂರದ ಲೆಕ್ಕ! ಶಾಲೆಗೆ ಹೋಗದ ಗಾರೆ ಕೆಲಸದವರ ಗಣಿತ ಇದು.

ಬಾಗಿಲಿನ ಈ ಯುಕ್ತಿ ನಮ್ಮ ಹಳೆಯ ಗುತ್ತಿನ ಮನೆಗಳಲ್ಲಿಯೂ ಇತ್ತು. ಎರಡು ಬರೆಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದು, ತಿರುಗಿ, ಮೆಟ್ಟಿಲು ಹತ್ತಿ, ತಗ್ಗಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗಬೇಕು. ಬಂದವನು ನೆಂಟನಾದರೆ ಅದು ವಿನಯ. ಕಳ್ಳನಾದರೆ ಮೊದಲು ಒಳಗೆ ಬರುವುದು ಅವನ ಕೈಯಲ್ಲ, ಅವನ ಕುತ್ತಿಗೆ.

ಇನ್ನೊಂದು ಬಗೆಯ ಕೋಟೆ ಬೆಳ್ತಂಗಡಿಯ ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಸುಲ್ತಾನ ಅದನ್ನು ಭದ್ರಪಡಿಸಿ ತನ್ನ ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದ. ಇಲ್ಲಿ ಗೋಡೆಯ ಕೆಲಸವನ್ನು ಬಂಡೆಯೇ ಮಾಡುತ್ತದೆ. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದ ಆ ಒಂಟಿ ಬಂಡೆಗೆ ಹತ್ತಲು ಇರುವುದು ಒಂದೇ ದಾರಿ, ಬಂಡೆಯಲ್ಲಿಯೇ ಕಡಿದ 1,800ಕ್ಕೂ ಹೆಚ್ಚು ಮೆಟ್ಟಿಲು. ಮೇಲೆ ಕೆಲವೇ ಜನ ಇದ್ದರೂ ಕೆಳಗಿನ ಒಂದು ಪಡೆಯನ್ನು ತಡೆಯಬಹುದು. ಆದರೆ ಇಂಥ ಕೋಟೆಗೂ ಒಂದು ಬಡತನ ಉಂಟು. ಅದನ್ನು ಮುಂದೆ ಹೇಳುತ್ತೇವೆ.

ಒಳಗಿನ ಅಂಗಳವೇ ಕೋಟೆಯ ಹೊಟ್ಟೆ

ಗೋಡೆ ನೋಡಿ ಬೆರಗಾಗುವ ನಾವು ಅಂಗಳವನ್ನು ಮರೆಯುತ್ತೇವೆ. ಗೋಡೆ ಕಟ್ಟುವುದೇ ಅಂಗಳವನ್ನು ಕಾಪಾಡುವುದಕ್ಕೆ. ನೀರು, ಅಕ್ಕಿ, ಉಪ್ಪು, ಮದ್ದುಗುಂಡು, ದನಕರು, ಹೆಂಗಸರು ಮಕ್ಕಳು, ದೇವರು, ಲೆಕ್ಕಪತ್ರ, ಖಜಾನೆ ಎಲ್ಲ ಇರುವುದು ಅಲ್ಲಿ.

ಬೇಕಲದ ಅಂಗಳದಲ್ಲಿ ಮೆಟ್ಟಿಲು ಕಟ್ಟಿದ ಕೆರೆ ಉಂಟು, ಮದ್ದಿನ ಮನೆ ಉಂಟು, ಭಾರದ ಸಾಮಾನು ಮೇಲಕ್ಕೆ ಒಯ್ಯಲು ಅನುಕೂಲವಾಗುವಂತೆ ಇಳಿಜಾರು ದಾರಿಯಿರುವ ಕಾವಲು ದಿಬ್ಬ ಉಂಟು. ಬಾಗಿಲ ಬಳಿಯಲ್ಲಿಯೇ ಆಂಜನೇಯನ ಗುಡಿ. ಭಾರತೀಯ ಪುರಾತತ್ವ ಇಲಾಖೆಯವರು 1997ರಿಂದ ಕೆಲವು ವರ್ಷ ಅಲ್ಲಿ ಉತ್ಖನನ ನಡೆಸಿದಾಗ ಬರೀ ಹುಲ್ಲು ಎಂದು ಕಾಣುತ್ತಿದ್ದ ಆ ಬಯಲಿನ ಅಡಿಯಿಂದ ಕಟ್ಟಡಗಳ ತಳಪಾಯಗಳು ಮೇಲೆ ಬಂದವು. ಖಾಲಿ ಅಂಗಳ ಎಂದು ನಾವು ತಿಳಿದದ್ದು ಒಂದು ಕಾಲದಲ್ಲಿ ಒಂದು ಪೇಟೆಯಂತೆ ಗಿಜಿಗುಡುತ್ತಿತ್ತು.

ಮಡಿಕೇರಿಯದ್ದು ನೋಡಿ. 17ನೆಯ ಶತಮಾನದ ಕೊನೆಗೆ ಮುದ್ದುರಾಜ ಕಟ್ಟಿದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದ. ಒಳಗಿನ ಅರಮನೆ 1812ರಿಂದ 1814ರ ಅವಧಿಯಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಕೋಟೆ ಆರು ಮೂಲೆಯದ್ದು, ಮೂಲೆಗೊಂದು ದುಂಡನೆಯ ಕೊತ್ತಲ, ಪೂರ್ವಕ್ಕೆ ವಕ್ರ ಬಾಗಿಲು. ಅರಮನೆಯ ನಡು ಅಂಗಳದಲ್ಲಿ ಒಂದು ಕಲ್ಲಿನ ಆಮೆ. ಅರಸರ ಆಳ್ವಿಕೆ ಹೋದ ಮೇಲೆ ಅದೇ ಅಂಗಳದ ಸುತ್ತ ಕಚೇರಿಗಳು ಬಂದವು, ಚರ್ಚ್ ಬಂತು. ಕೋಟೆ ಗಣಪತಿ ಮಾತ್ರ ಎಲ್ಲರ ಕಾಲದಲ್ಲಿಯೂ ಅಲ್ಲಿಯೇ ಇದ್ದು ಪೂಜೆ ಪಡೆಯುತ್ತಿದ್ದಾನೆ.

ನಮ್ಮ ಮೂರು ತಾಲೂಕುಗಳ ಬಲ್ಲಾಳರ ಬೀಡುಗಳು ಇಷ್ಟು ದೊಡ್ಡವಲ್ಲ. ಆದರೆ ಅವುಗಳ ನಕ್ಷೆ ಇದೇ. ಹೊರಗೆ ಅಗಳು, ಅದರೊಳಗೆ ದಪ್ಪ ಮಣ್ಣಿನ ಗೋಡೆ, ಹೆಬ್ಬಾಗಿಲು, ಅಂಗಳ, ಚಾವಡಿ, ಒಳಗೆ ಪತ್ತಾಯ. ಕೋಟಿ ಚೆನ್ನಯರ ಪಾಡ್ದನದ ಕಥೆ ನಡೆಯುವುದೆಲ್ಲ ಇಂಥ ಬೀಡುಗಳ ನಡುವೆ. ಪಡುಮಲೆ, ಪಂಜ, ಎಣ್ಮೂರು, ಈ ಮೂರೂ ನಮ್ಮ ಸೀಮೆಯ ಊರುಗಳೇ. ಪಂಜದಲ್ಲಿ ಅವಳಿ ವೀರರನ್ನು ಕೂಡಿಹಾಕಿದ್ದು, ಅವರು ಅದನ್ನು ಮುರಿದು ಹೊರಬಂದದ್ದು, ಎಣ್ಮೂರಿನ ಬಲ್ಲಾಳ ಅವರಿಗೆ ಆಶ್ರಯ ಕೊಟ್ಟದ್ದು, ಕೊನೆಗೆ ಅಲ್ಲಿಯೇ ಅವರು ವೀರಮರಣ ಹೊಂದಿದ್ದು, ಇವೆಲ್ಲ ನಮ್ಮ ಅಜ್ಜಿಯಂದಿರಿಗೆ ಬಾಯಿಪಾಠ. ಆ ಕಥೆಯಲ್ಲಿ ಒಂದು ವಿಶೇಷ ಉಂಟು. ಗೋಡೆಯ ವರ್ಣನೆಗಿಂತ ಹೆಚ್ಚು ಬರುವುದು ಅಂಗಳದ ಮಾತು, ಚಾವಡಿಯ ನ್ಯಾಯ, ಗಡಿಯ ತಕರಾರು. ಪಡುಮಲೆಯ ಬೀಡಿಗೆ ಕೇಡು ಬಂದದ್ದು ಹೊರಗಿನ ವೈರಿಯಿಂದಲ್ಲ, ಒಳಗೆ ನ್ಯಾಯ ತಪ್ಪಿದ್ದರಿಂದ.

ದೇವಸ್ಥಾನಗಳ ಹೊರಾಂಗಣ, ಒಳಾಂಗಣ, ಸುತ್ತುಪೌಳಿ ಇವುಗಳನ್ನು ನೋಡಿದರೂ ಇದೇ ಕ್ರಮ. ಸುತ್ತು ಸುತ್ತಾಗಿ ಒಳಗೆ ಹೋದಂತೆ ಬೆಲೆಬಾಳುವ ವಸ್ತು. ನಮ್ಮ ಹಿರಿಯರಿಗೆ ರಕ್ಷಣೆ ಎಂದರೆ ಒಂದೇ ಗೋಡೆ ಅಲ್ಲ, ಒಂದರೊಳಗೊಂದು ಸುತ್ತು.

ಗೋಡೆ ನಿಂತಿತು, ಕೋಟೆ ಬಿತ್ತು

ಈಗ ಮುಖ್ಯ ವಿಷಯಕ್ಕೆ ಬರುವಾ. ನಮ್ಮ ಸುತ್ತಮುತ್ತಲ ಕೋಟೆಗಳು ಬಿದ್ದದ್ದು ಹೇಗೆ? ಫಿರಂಗಿಯ ಗುಂಡಿಗೆ ಗೋಡೆ ಒಡೆದು ಬಿದ್ದ ಉದಾಹರಣೆ ಇಲ್ಲವೆಂದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದದ್ದು ಹಾಗೆ. ಆದರೆ ನಮ್ಮ ಕಡೆಯ ಲೆಕ್ಕ ಬೇರೆಯೇ ಇದೆ.

ಮಂಗಳೂರಿನ ಕೋಟೆ. 1783ರ ಮೇ ತಿಂಗಳಿನಿಂದ 1784ರ ಜನವರಿ 30ರ ತನಕ ಕರ್ನಲ್ ಕ್ಯಾಂಪ್‌ಬೆಲ್ ಎಂಬ ಇಂಗ್ಲಿಷ್ ಅಧಿಕಾರಿ ಒಳಗೆ, ಟಿಪ್ಪುವಿನ ದೊಡ್ಡ ಸೈನ್ಯ ಹೊರಗೆ. ಒಂದು ಮಳೆಗಾಲ ಪೂರ್ತಿ ಕಳೆಯಿತು. ಗೋಡೆ ಜಖಂ ಆದರೂ ಕೋಟೆ ಕೈಗೆ ಸಿಗಲಿಲ್ಲ. ಕೊನೆಗೆ ಸೋಲಿಸಿದ್ದು ಹಸಿವು ಮತ್ತು ರೋಗ. ಒಳಗಿನ ದಾಸ್ತಾನು ಮುಗಿಯಿತು, ಸಿಪಾಯಿಗಳು ಹಾಸಿಗೆ ಹಿಡಿದರು, ಕೋಟೆ ಬಿಟ್ಟುಕೊಟ್ಟರು. ಆಮೇಲೆ ಟಿಪ್ಪು ಆ ಕೋಟೆಯನ್ನು ಕೆಡವಿಸಿದ. ಇಂದು ಬೋಳೂರಿನ ಸುಲ್ತಾನ್ ಬತ್ತೇರಿ ಮಾತ್ರ ಆ ಕಾಲದ ನೆನಪಿಗೆ ಉಳಿದಿದೆ.

ಜಮಾಲಾಬಾದ್. 1799ರಲ್ಲಿ ಇಂಗ್ಲಿಷರ ವಶವಾಯಿತು. ಸ್ವಲ್ಪ ದಿನದಲ್ಲಿಯೇ ತಿಮ್ಮನಾಯಕ ಎಂಬವನ ಕಡೆಯವರು ಯುಕ್ತಿಯಿಂದ ಹತ್ತಿ ಹಿಡಿದುಕೊಂಡರು. ಹತ್ತಲಾಗದ ಆ ಬಂಡೆಯನ್ನು ಇಂಗ್ಲಿಷರು ಹತ್ತಲು ಹೋಗಲಿಲ್ಲ. ಕೆಳಗೆ ಸುತ್ತುವರಿದು ಕುಳಿತರು. ತಿಂಗಳುಗಟ್ಟಲೆ ಕುಳಿತರು. ಮೇಲೆ ಮಳೆನೀರಿನ ಹೊಂಡ ಇತ್ತು, ಗದ್ದೆ ಇರಲಿಲ್ಲ. ಉಣ್ಣಲು ಇಲ್ಲದಾಗ 1800ರಲ್ಲಿ ಕೋಟೆ ಮತ್ತೆ ಇಂಗ್ಲಿಷರ ಪಾಲಾಯಿತು. ಗಡಾಯಿಕಲ್ಲಿನ ಬಡತನ ಎಂದದ್ದು ಇದನ್ನೇ. ಗೋಡೆ ಆಕಾಶದಷ್ಟು, ಅಂಗಳ ಅಂಗೈಯಷ್ಟು.

ದೂರದ ಸಿರಿಯಾ ದೇಶದಲ್ಲಿ ಕ್ರಾಕ್ ದೆ ಶೆವಾಲಿಯೇ ಎಂಬ ಕೋಟೆ ಉಂಟು. ಮಧ್ಯಯುಗದ ಕೋಟೆಗಳಲ್ಲಿಯೇ ಅತ್ಯಂತ ಭದ್ರವಾದವುಗಳಲ್ಲಿ ಒಂದು ಎಂದು ಲೋಕಪ್ರಸಿದ್ಧ. ಒಂದರೊಳಗೊಂದು ಎರಡು ಸುತ್ತಿನ ಕಲ್ಲಿನ ಗೋಡೆ, ವಕ್ರವಾಗಿ ಮೇಲೇರುವ ಪ್ರವೇಶ ದಾರಿ, ಒಳಗೆ ದೊಡ್ಡ ಉಗ್ರಾಣ. 1142ರಿಂದ ಕ್ರೈಸ್ತ ಯೋಧ ಸನ್ಯಾಸಿಗಳ ಕೈಯಲ್ಲಿತ್ತು. 1271ರಲ್ಲಿ ಸುಲ್ತಾನ್ ಬೈಬರ್ಸ್ ಮುತ್ತಿಗೆ ಹಾಕಿ ಹೊರಗಿನ ಗೋಡೆಯನ್ನು ಒಡೆದ. ಒಳಗಿನ ಗೋಡೆ ನಿಂತೇ ಇತ್ತು. ಆಗ ಅವರ ಮೇಲಧಿಕಾರಿಯ ಹೆಸರಿನಲ್ಲಿ ಒಂದು ಕಾಗದ ಬಂತಂತೆ, ಶರಣಾಗಿ ಎಂದು. ಒಳಗಿದ್ದವರು ಬಾಗಿಲು ತೆರೆದು ಹೊರಟುಹೋದರು. ಆ ಕಾಗದ ಸುಳ್ಳು ಕಾಗದ ಎಂದು ಹೇಳುತ್ತಾರೆ. ಆ ಕೋಟೆಯ ಗೋಡೆ ಇಂದಿಗೂ ನಿಂತಿದೆ ನೋಡಿ!

ಹಾಗಾದರೆ ಕೊಡಗಿನಲ್ಲಿ ಏನಾಯಿತು? 1834ರ ಏಪ್ರಿಲ್‌ನಲ್ಲಿ ಇಂಗ್ಲಿಷರ ಪಡೆ ನಾಲ್ಕು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದಿಂದ ಬಂದ ಕರ್ನಲ್ ವಾ ಅವರ ತುಕಡಿಯನ್ನು ಸೋಮವಾರಪೇಟೆಯ ಕಡೆ ಒಂದು ಮಣ್ಣು, ಮರ, ಬಿದಿರಿನ ತಡೆಬೇಲಿಯ ಹಿಂದೆ ನಿಂತ ಕೊಡಗಿನವರು ತಡೆದರು. ಇಂಗ್ಲಿಷರ ಕಡೆ ನೂರಕ್ಕೂ ಮಿಕ್ಕಿ ಸಾವು ನೋವು, ಪಡೆ ಹಿಂದೆ ಸರಿಯಿತು. ಅದೇ ವಾರದಲ್ಲಿ ಕಲ್ಲಿನ ಗೋಡೆ, ಆರು ಕೊತ್ತಲಗಳ ಮಡಿಕೇರಿ ಕೋಟೆ ಕಾದಾಟವೇ ಇಲ್ಲದೆ ಇಂಗ್ಲಿಷರ ಕೈಗೆ ಹೋಯಿತು. ಅರಸ ಚಿಕ್ಕವೀರರಾಜೇಂದ್ರ ಹೋರಾಡುವುದೋ ಸಂಧಾನವೋ ಎಂದು ತೀರ್ಮಾನಿಸಲಾಗದೆ ಇದ್ದ. ಬಿದಿರಿನ ಬೇಲಿಯ ಹಿಂದೆ ಒಂದೇ ಮನಸ್ಸು ಇತ್ತು, ಕಲ್ಲಿನ ಕೋಟೆಯೊಳಗೆ ಇರಲಿಲ್ಲ.

ಬೆಳ್ಳಾರೆಯ ಖಜಾನೆ, 1837

ಇಲ್ಲಿಂದ ನಮ್ಮದೇ ಕಥೆ. ಕೊಡಗು ಇಂಗ್ಲಿಷರ ಪಾಲಾಗುವವರೆಗೆ ಅಮರ ಸುಳ್ಯ, ಬೆಳ್ಳಾರೆ, ಪಂಜ, ಪುತ್ತೂರಿನ ಕಡೆಯ ಮಾಗಣೆಗಳು ಕೊಡಗಿನ ಅರಸರ ಅಧೀನದಲ್ಲಿದ್ದವು. 1834ರ ಮೇಲೆ ಅವುಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಗಡಿ ಬದಲಾದದ್ದು ಕಾಗದದಲ್ಲಿ, ಆದರೆ ಅದು ತಟ್ಟಿದ್ದು ರೈತನ ಅಂಗಳಕ್ಕೆ.

ಅರಸರ ಕಾಲದಲ್ಲಿ ತೀರ್ವೆಯನ್ನು ಬೆಳೆಯ ರೂಪದಲ್ಲಿ ಕೊಡುವ ರೂಢಿ ಇತ್ತು. ಅಂಗಳದಲ್ಲಿ ಭತ್ತ ಉಂಟು, ಅಳೆದು ಕೊಟ್ಟರೆ ಆಯಿತು. ಕಂಪನಿ ಸರಕಾರ ಹೇಳಿತು, ಭತ್ತ ಬೇಡ, ರೊಕ್ಕ ಕೊಡಿ. ರೈತನ ಹತ್ತಿರ ಪತ್ತಾಯ ತುಂಬ ಭತ್ತ ಇದ್ದರೂ ರೊಕ್ಕ ಎಲ್ಲಿಂದ? ಕಿಸ್ತಿನ ದಿನ ಹತ್ತಿರ ಬಂದ ಹಾಗೆ ಎಲ್ಲರೂ ಒಟ್ಟಿಗೆ ಮಾರಬೇಕು. ಎಲ್ಲರೂ ಒಟ್ಟಿಗೆ ಮಾರಿದರೆ ಕ್ರಯ ಇಳಿಯುತ್ತದೆ. ಕೊಳ್ಳುವವನೂ ಸಾಲ ಕೊಡುವವನೂ ಒಬ್ಬನೇ ಆದರೆ ಕೇಳುವುದೇ ಬೇಡ. ಇದರ ಮೇಲೆ ಉಪ್ಪು, ಹೊಗೆಸೊಪ್ಪಿನ ಮೇಲೆ ಸರಕಾರದ ಏಕಸ್ವಾಮ್ಯ. ಈ ಸಿಟ್ಟೇ 1837ರಲ್ಲಿ ಹೊತ್ತಿಕೊಂಡಿತು.

ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಪುಟ್ಟಬಸಪ್ಪ, ಸುಳ್ಯದ ಕೆದಂಬಾಡಿ ರಾಮಯ್ಯ ಗೌಡ, ಕೊಡಗಿನ ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡ ಮುಂತಾದವರ ಮುಂದಾಳುತನದಲ್ಲಿ ರೈತರು ಒಟ್ಟಾದರು. ಮಾರ್ಚ್ ತಿಂಗಳ ಕೊನೆಗೆ ಅವರು ಮೊದಲು ಕೈಹಾಕಿದ್ದು ಎಲ್ಲಿಗೆ ಗೊತ್ತುಂಟಾ? ಬೆಳ್ಳಾರೆಯ ಖಜಾನೆಗೆ. ಜನ ಇಂದಿಗೂ ಬಂಗ್ಲೆಗುಡ್ಡೆ ಎಂದು ಕರೆಯುವ ಜಾಗ ಅದು. ಗೋಡೆ ಇತ್ತು, ಬಾಗಿಲು ಇತ್ತು, ಬೀಗ ಇತ್ತು. ಆದರೆ ಆ ಗೋಡೆಯ ಒಳಗಿದ್ದದ್ದು ಊರಿನವರು ಬೆವರು ಸುರಿಸಿ ಕೊಟ್ಟ ರೊಕ್ಕ, ಹೊರಗಿದ್ದದ್ದು ಆ ಊರಿನವರೇ. ಅಂಥ ಗೋಡೆ ಎಷ್ಟು ಹೊತ್ತು ನಿಂತೀತು? ಖಜಾನೆ ರೈತರ ವಶವಾಯಿತು.

ಅಲ್ಲಿಂದ ಪುತ್ತೂರು. ಮಂಗಳೂರಿನಿಂದ ಸಿಪಾಯಿಗಳೊಂದಿಗೆ ಪುತ್ತೂರಿಗೆ ಬಂದ ಕಲೆಕ್ಟರು ಲೆವಿನ್ ಅವರಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಹಿಂದೆ ಹೋದರು. ಏಪ್ರಿಲ್ 5ರಂದು ರೈತರ ದಂಡು ಮಂಗಳೂರು ಹೊಕ್ಕಿತು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಏರಿಸಿತು. ಸುಮಾರು 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಣ್ಣೂರಿನ ಕಡೆಯಿಂದ ಸೈನ್ಯ ಬಂತು, ದಂಡು ಚದುರಿತು, ಮುಂದಾಳುಗಳನ್ನು ಹಿಡಿದರು. ಪುಟ್ಟಬಸಪ್ಪ ಮತ್ತು ಲಕ್ಷ್ಮಪ್ಪ ಬಂಗರಸರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿಯೇ ಗಲ್ಲಿಗೇರಿಸಿದರು. ಅರಸ ಹೋರಾಡದೆ ಬಿಟ್ಟುಕೊಟ್ಟ ಕೋಟೆಯ ಆವರಣದಲ್ಲಿ ಹೋರಾಡಿದ ರೈತನ ಮಗನಿಗೆ ಗಲ್ಲು. ಮಡಿಕೇರಿಗೆ ಹೋದವರು ಆನೆಯ ಶಿಲ್ಪ ನೋಡಿ ಬರುತ್ತಾರೆ. ಈ ಒಂದು ಸಂಗತಿಯನ್ನೂ ನೆನೆದು ಒಂದು ಗಳಿಗೆ ನಿಲ್ಲಬೇಕು.

ಈ ಹೋರಾಟವನ್ನು ಬಹಳ ಕಾಲ 'ಕಲ್ಯಾಣಪ್ಪನ ಕಾಟುಕಾಯಿ' ಎಂದು ಹಗುರವಾಗಿ ಕರೆದರು, ದರೋಡೆ ಎಂಬಂತೆ. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಆಮೇಲೆ ಇತಿಹಾಸ ಸಂಶೋಧಕರು ದಾಖಲೆ ಹುಡುಕಿದರು. 2022ರ ನವೆಂಬರ್‌ನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣವಾಯಿತು. 185 ವರ್ಷ ಬೇಕಾಯಿತು, ಅಷ್ಟೇ.

ರೊಕ್ಕದ ಕೋಟೆ

ಹಾಲಿನ ಸಂಘದ ಸ್ಮರಣ ಸಂಚಿಕೆಗೂ ಈ ಕಥೆಗೂ ಏನು ಸಂಬಂಧ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟು. 1837ರ ರೈತನಿಗೆ ಇಲ್ಲದೆ ಹೋದದ್ದು ಧೈರ್ಯ ಅಲ್ಲ, ಬೆಳೆಯೂ ಅಲ್ಲ. ಬೆಳೆಯನ್ನು ಮಾನದ ಕ್ರಯಕ್ಕೆ ರೊಕ್ಕ ಮಾಡುವ ಒಂದು ದಾರಿ ಇರಲಿಲ್ಲ. ಆ ದಾರಿಯನ್ನು ನಮ್ಮವರು ಆಮೇಲೆ ಕಟ್ಟಿದರು, ಅದೂ ಇದೇ ನೆಲದಲ್ಲಿ. ಪುತ್ತೂರಿನ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು ಹಳ್ಳಿ ಹಳ್ಳಿ ತಿರುಗಿ ಸಹಕಾರದ ಬೀಜ ಬಿತ್ತಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಪುತ್ತೂರಿನಲ್ಲಿ ಹುಟ್ಟಿತು. ಅಡಕೆಯ ಕ್ರಯ ಬಿದ್ದು ಬೆಳೆಗಾರ ಕಂಗಾಲಾಗಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಬಂತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆ ಆರಂಭವಾಯಿತು. ಹಾಲಿನ ಸಂಘಗಳು ಬಂದ ಮೇಲೆ ಒಂದು ದನ ಇದ್ದ ಮನೆಯ ಹೆಂಗಸಿನ ಹೆಸರಿನಲ್ಲಿಯೂ ಪಾಸ್‌ಬುಕ್ ಬಂತು, ಬಟವಾಡೆಯ ದಿನ ರೊಕ್ಕ ಬಂತು. ಇವೆಲ್ಲ ನಮ್ಮ ಕಾಲದ ಕೋಟೆಗಳು.

ಆದರೆ ಹಳೆಯ ಕೋಟೆಗಳ ಪಾಠ ಇವುಗಳಿಗೂ ಉಂಟು. ಅಗಳಿನ ಮಣ್ಣು ವರ್ಷ ವರ್ಷ ಎತ್ತಬೇಕು. ಸಂಘದಲ್ಲಿ ಅದಕ್ಕೆ ಲೆಕ್ಕಪರಿಶೋಧನೆ ಎನ್ನುತ್ತಾರೆ, ಮಹಾಸಭೆ ಎನ್ನುತ್ತಾರೆ. ಬಾಗಿಲು ಬೇಕು, ಆದರೆ ಬರಬೇಕಾದವನನ್ನು ಅದು ತಡೆಯಬಾರದು. ದಾಸ್ತಾನು, ಎಂದರೆ ಮೀಸಲು ನಿಧಿ, ಕಷ್ಟಕಾಲಕ್ಕೆ ಸಾಕಾಗುವಷ್ಟು ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಳಗಿರುವ ರೊಕ್ಕ ಯಾರದ್ದು ಎಂಬುದು ಒಳಗೆ ಕುಳಿತವರಿಗೂ ಹೊರಗೆ ನಿಂತವರಿಗೂ ಒಂದೇ ಹಾಗೆ ಗೊತ್ತಿರಬೇಕು. ಬೆಳ್ಳಾರೆಯ ಖಜಾನೆಗೆ ಆ ಭಾಗ್ಯ ಇರಲಿಲ್ಲ.

ಉಳಿದದ್ದನ್ನು ಉಳಿಸುವಾ

ಕೊನೆಗೆ ಒಂದು ವಿನಂತಿ. ಬೇಕಲವನ್ನೂ ಮಡಿಕೇರಿಯನ್ನೂ ಕಾಯಲು ಇಲಾಖೆ ಉಂಟು. ನಮ್ಮ ಊರಿನ ಹಳೆಯ ಅಗಳು, ಬೀಡಿನ ತಳಪಾಯ, ಮುರಕಲ್ಲಿನ ಗೋಡೆಗಳನ್ನು ಕಾಯುವವರು ನಾವೇ. ಹಿಂದೆ ಮಳೆಗಾಲಕ್ಕೆ ಮೊದಲು ಮಣ್ಣಿನ ಪಾಗಾರಕ್ಕೆ ಮಡಲು ಹೊದೆಸುತ್ತಿದ್ದರು. ಆ ಒಂದು ಹೊದಿಕೆಯಿಂದ ಮಣ್ಣಿನ ಗೋಡೆ ತಲೆಮಾರು ದಾಟುತ್ತಿತ್ತು. ಈಗ ಜೇಸಿಬಿ ಬಂದರೆ ಇನ್ನೂರು ಮುನ್ನೂರು ವರ್ಷದ ಬರೆ ಮಧ್ಯಾಹ್ನದ ಊಟದ ಒಳಗೆ ಸಪಾಟು. ಗೋಡೆಯ ಸಂದಿಯಲ್ಲಿ ಹುಟ್ಟಿದ ಒಂದು ಗೋಳಿಯ ಗಿಡ ಕಿತ್ತು ಹಾಕದಿದ್ದರೆ ಹತ್ತು ವರ್ಷದಲ್ಲಿ ಅದೇ ಗೋಡೆಯನ್ನು ಸೀಳುತ್ತದೆ. ಹಣ ಬೇಡ, ಒಂದು ಕತ್ತಿ ಸಾಕು.

ಗೋಡೆ ಹೋದ ಮೇಲೂ ಹೆಸರು ಉಳಿಯುತ್ತದೆ. ಕೋಟೆಮುಂಡುಗಾರು ಎಂಬ ಹೆಸರಿನಲ್ಲಿ ಕೋಟೆ ಉಂಟು. ನಿಮ್ಮ ನಿಮ್ಮ ಜಾಗದ ಪಟ್ಟೆಯಲ್ಲಿ, ಹಿರಿಯರ ಬಾಯಿಯಲ್ಲಿ ಕೋಟೆ, ಬೀಡು, ಅಗಳು, ಬಾವುಟ ಎಂದು ಬರುವ ಹೆಸರುಗಳಿದ್ದರೆ ಬರೆದಿಡಿ. ಹಾಲು ಹಾಕಲು ಬಂದಾಗ ಆ ಒಂದು ಚೀಟಿಯನ್ನೂ ಕಚೇರಿಯಲ್ಲಿ ಕೊಟ್ಟುಹೋಗಿ. ಸಂಘವು ಒಂದು ಪುಸ್ತಕ ಇಟ್ಟು ಅವುಗಳನ್ನು ದಾಖಲಿಸಿದರೆ ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವವರಿಗೆ ಅದು ದೊಡ್ಡ ಆಸ್ತಿಯಾದೀತು.